ನೌಪಾಡಾ ಹೋಟೆಲಿನಲ್ಲಿ ಹತ್ತಕ್ಕೆ ಎಂಟು

ಹೋದ ವರ್ಷ ಮಾರ್ಚ್ ತಿಂಗಳ ಎರಡನೆಯ ಭಾನುವಾರ, ಸಂಜೆ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ನಾನು ಠಾಣೆಯ ನೌಪಾಡಾದ ಒಂದು ಹೋಟೆಲಿನೊಳಗೆ, ಕೈ ತೊಳೆಯುವ ಬೇಸಿನ್ನಿಗೂ ಗಲ್ಲಾಕ್ಕೂ ನಡುವೆ ನಿಂತಿದ್ದೆ. ಬೇಸಿನ್ ನನ್ನ ಎಡಕ್ಕೆ, ಗಲ್ಲಾ ಬಲಕ್ಕೆ. ಕೈ ಇನ್ನೂ ಒದ್ದೆಯಾಗಿತ್ತು. ನಾಲ್ಕು ಹೆಜ್ಜೆ ಮುಂದಿನ ಟೇಬಲ್ಲಿನಲ್ಲಿ ನನ್ನ ಹೆಂಡತಿ ಮತ್ತು ಮಗಳು ಕೂತಿದ್ದರು. ಅವರ ಪಕ್ಕದಲ್ಲಿ, ಹೆಗಲ ಮೇಲೆ ಟೇಬಲ್ ಒರೆಸುವ ಬಟ್ಟೆ ಹಾಕಿಕೊಂಡು, ಆ ಹೋಟೆಲಿನ ಹಳೆಯ ಸಪ್ಲಯರ್ ನಿಂತಿದ್ದರು. ನಡುವೆ ಕಂಬ ಇರಲಿಲ್ಲ. ಮೂರು ಟ್ಯೂಬ್‌ಲೈಟ್ ಉರಿಯುತ್ತಿದ್ದವು. ನಾನು ಕನ್ನಡಕ ಹಾಕಿಕೊಂಡಿದ್ದೆ.

ಇಷ್ಟು ಹೇಳುವುದು ನನ್ನ ಕೆಲಸದ ಅಭ್ಯಾಸ. ನಾನು ವಾಹನ ವಿಮೆಯ ಸರ್ವೇಯರ್. ಇಪ್ಪತ್ತೇಳು ವರ್ಷಗಳಿಂದ ಕಲ್ಯಾಣ–ಶೀಳ್ ರಸ್ತೆ, ಭಿವಂಡಿ ಬೈಪಾಸ್, ತುರ್ಭೆ ಎಂದು ಓಡಾಡಿ, ಜಜ್ಜಿಹೋದ ಗಾಡಿಗಳ ಮುಂದೆ ನಿಂತು, ಯಾರು ಎಲ್ಲಿದ್ದರು, ಏನು ನೋಡಿದರು ಎಂದು ಬರೆದುಕೊಂಡಿದ್ದೇನೆ. ಕಂಡದ್ದನ್ನು ಮಾತ್ರ ಬರೆಯಬೇಕು ಎಂಬುದು ನಮ್ಮ ನಿಯಮ. ಆ ಸಂಜೆ ನಾನು ಕಂಡದ್ದು ಇದು: ಇಂಗ್ಲಿಷ್ ಬರುವುದಿಲ್ಲ ಎಂದು ತಾವೇ ಹೇಳುವ ಒಬ್ಬ ಮನುಷ್ಯ, ಉನ್ನತ ಮಟ್ಟದ ಇಂಗ್ಲಿಷ್ ಪರೀಕ್ಷೆಯ ಆಲಿಸುವ ಭಾಗದಲ್ಲಿ ಹತ್ತಕ್ಕೆ ಎಂಟು ಸರಿ ಉತ್ತರ ಕೊಟ್ಟರು. ಇಪ್ಪತ್ತೆರಡು ವರ್ಷ ಇಂಗ್ಲಿಷ್ ಕಲಿಸಿದ ನನ್ನ ಹೆಂಡತಿಗೆ ಅದೇ ಪ್ರಶ್ನೆಗಳಲ್ಲಿ ಐದು ಬಂತು. ನನಗೆ ಎಷ್ಟು ಬಂತು ಎಂಬುದನ್ನು ಮುಂದೆ ಹೇಳುತ್ತೇನೆ. ಬಿಟ್ಟುಬಿಡುವ ಆಸೆಯೇನೋ ಇದೆ.

ನಾವು ಗದಗಿನ ಕಡೆಯವರು. ಮನೆ ಡೊಂಬಿವಲಿಯಲ್ಲಿ. ಹೆಂಡತಿ ಅಲ್ಲಿಯೇ ಒಂದು ಶಾಲೆಯಲ್ಲಿ ಒಂಬತ್ತು, ಹತ್ತನೇ ತರಗತಿಗಳಿಗೆ ಇಂಗ್ಲಿಷ್ ಹೇಳಿಕೊಡುತ್ತಾಳೆ. ಆ ವರ್ಷ ಜನವರಿಯಲ್ಲಿ ಶಾಲೆಯ ಆಡಳಿತದವರು ಒಂದು ಸುತ್ತೋಲೆ ಕಳಿಸಿದರು. ಮೇಲಿನ ತರಗತಿಗಳಿಗೆ ಇಂಗ್ಲಿಷ್ ಕಲಿಸುವವರು ಜೂನ್ ತಿಂಗಳೊಳಗೆ ಇಂಗ್ಲಿಷ್ ಆಲಿಸುವ ಮತ್ತು ಓದುವ ಉನ್ನತ ಪರೀಕ್ಷೆ ಪಾಸು ಮಾಡಿ ಪ್ರಮಾಣಪತ್ರ ತರಬೇಕು. ತರದವರಿಗೆ ಐದನೇ ತರಗತಿ.

"ಹತ್ತನೇತ್ತಾ ಬಿಟ್ಟು ಐದನೇತ್ತಾಕ್ಕ ನಾ ಹೋಗಂಗಿಲ್ಲ," ಎಂದಳು ಹೆಂಡತಿ. "ಅದಕ್ಕಿಂತ ರಾಜೀನಾಮಿ ಕೊಟ್ಟು ಮನ್ಯಾಗ ಕೂಡ್ತೀನಿ."

ಮನೆಯಲ್ಲಿ ಕೂಡುವುದೆಂದರೆ ನನ್ನ ಎದುರಿಗೇ ಕೂಡುವುದು. ಆದ್ದರಿಂದ ಆ ಪರೀಕ್ಷೆಯ ಬಗ್ಗೆ ನನಗೂ ಕಾಳಜಿ ಹುಟ್ಟಿತು.

ಓದುವ ಭಾಗದಲ್ಲಿ ಅವಳಿಗೆ ತೊಂದರೆ ಇರಲಿಲ್ಲ. ಮಾದರಿ ಪ್ರಶ್ನೆಪತ್ರಿಕೆಯ ಪಾಠಗಳನ್ನೇ ಅವಳು ಕೆಂಪು ಪೆನ್ನಿನಲ್ಲಿ ತಿದ್ದುತ್ತಿದ್ದಳು. ತೊಂದರೆ ಇದ್ದದ್ದು ಆಲಿಸುವುದರಲ್ಲಿ. ಧ್ವನಿಮುದ್ರಿಕೆ ಒಂದೇ ಸಲ ಕೇಳಿಸುತ್ತಾರೆ, ಇನ್ನೊಮ್ಮೆ ಹೇಳಿ ಎನ್ನುವಂತಿಲ್ಲ. ಇಪ್ಪತ್ತೆರಡು ವರ್ಷ ಬರೀ ಮಾತಾಡಿದವಳಿಗೆ ಕೇಳುವ ರೂಢಿ ಎಲ್ಲಿಂದ ಬರಬೇಕು ಎಂದು ನಾನು ಒಮ್ಮೆ ಹೇಳಿದೆ. ಒಮ್ಮೆ ಮಾತ್ರ.

ಕಲ್ಯಾಣದಲ್ಲಿ ಒಂದು ಕೋಚಿಂಗ್ ಕ್ಲಾಸಿಗೆ ಸೇರಿದಳು. ಅಲ್ಲಿ ಕಲಿಸುವವನು ಅವಳದೇ ಹಳೆಯ ವಿದ್ಯಾರ್ಥಿ. ಅವಳು ಒಳಗೆ ಬಂದದ್ದೇ ಅವನು ಎದ್ದು ನಿಂತನಂತೆ. ಎರಡು ದಿನ ಅವನು ಕೂರಲೇ ಇಲ್ಲ. ಅವಳ ಉತ್ತರ ತಪ್ಪಾದಾಗಲೆಲ್ಲ "ಸಾರಿ ಮ್ಯಾಡಮ್" ಎಂದು ಅವನೇ ಕ್ಷಮೆ ಕೇಳುತ್ತಿದ್ದ. ಮೂರನೆಯ ದಿನ ಇವಳು ಹೋಗಲಿಲ್ಲ.

ಆ ಭಾನುವಾರ ಬೆಳಿಗ್ಗೆ ಠಾಣೆಯಲ್ಲಿ ಒಂದು ಮಾದರಿ ಪರೀಕ್ಷೆ ಇತ್ತು. ಅಲ್ಲಿಯೂ ಆಲಿಸುವುದರಲ್ಲಿ ಅರ್ಧಕ್ಕರ್ಧ ತಪ್ಪು. ಹಳಿ ದುರಸ್ತಿಯ ಭಾನುವಾರದ ಮೆಗಾಬ್ಲಾಕಿನಿಂದಾಗಿ ಲೋಕಲ್ ಗಾಡಿಗಳು ತಡವಾಗಿ ಓಡುತ್ತಿದ್ದವು. ನಾನು ಹೆಂಡತಿಯನ್ನೂ ಮಗಳನ್ನೂ ಕರೆದುಕೊಂಡು ನೌಪಾಡಾದ ಆ ಹೋಟೆಲಿಗೆ ಹೋದೆ. ಮದುವೆಗೆ ಮುಂಚೆ ಠಾಣೆಯಲ್ಲಿ ಕೋಣೆ ಹಿಡಿದಿದ್ದಾಗ ಮೂರು ವರ್ಷ ನಾನು ಊಟ ಮಾಡಿದ್ದು ಅಲ್ಲಿಯೇ. ಆ ಸಪ್ಲಯರ್ ಆಗಲೂ ಇದ್ದರು. ಕುಂದಾಪುರದ ಕಡೆಯವರು, ಈಗ ಅರವತ್ತು ದಾಟಿದೆ. ಎಲ್ಲರ ಹಾಗೆ ನಾನೂ ಅವರನ್ನು ಅಣ್ಣ ಎನ್ನುತ್ತೇನೆ. ಐದು ಟೇಬಲ್ಲಿನ ಆರ್ಡರನ್ನು ಒಂದು ಚೀಟಿಯೂ ಇಲ್ಲದೆ ತಲೆಯಲ್ಲಿಟ್ಟುಕೊಂಡು ಅಡುಗೆಮನೆಯ ಕಿಂಡಿಯ ಮುಂದೆ ಒಂದೇ ಉಸಿರಿಗೆ ಹೇಳುವುದು ಅವರ ಪದ್ಧತಿ.

ನಾಲ್ಕು ಗಂಟೆಗೆ ಹೋಟೆಲು ಬಹುತೇಕ ಖಾಲಿ ಇರುತ್ತದೆ. ಹೆಂಡತಿ ಕಾಫಿ ಮುಟ್ಟದೆ ಕೂತಿದ್ದಳು. ಬೆಳಗಿನ ತಪ್ಪುಗಳನ್ನು ತೋರಿಸಲೆಂದು ಮಗಳು ಮೊಬೈಲಿನಲ್ಲಿ ಅಂಥದೇ ಒಂದು ಧ್ವನಿಮುದ್ರಿಕೆ ಹಚ್ಚಿದಳು. ಒಬ್ಬ ಹೆಂಗಸು ಹಲ್ಲಿನ ಡಾಕ್ಟರರ ಬಳಿ ಸಮಯ ಕೇಳುತ್ತಾಳೆ. ಸೋಮವಾರ ಎನ್ನುತ್ತಾಳೆ, ತಡವರಿಸುತ್ತಾಳೆ, ಶುಕ್ರವಾರ ಎನ್ನುತ್ತಾಳೆ, ಆ ಕಡೆಯವನು ಏನೋ ಹೇಳುತ್ತಾನೆ, ಕೊನೆಗೆ ಬುಧವಾರ ಎನ್ನುತ್ತಾಳೆ. ನಾನು ಕೈ ತೊಳೆದು ತಿರುಗುವ ಹೊತ್ತಿಗೆ ಹೆಂಡತಿ ಸೋಮವಾರದ ಮುಂದೆ ಗುರುತು ಹಾಕಿ ಪೆನ್ನನ್ನು ಕೆಳಗಿಟ್ಟಾಗಿತ್ತು. ಆ ಹೆಂಗಸು ಇನ್ನೂ ಮಾತಾಡುತ್ತಿದ್ದಳು.

"ಬುಧವಾರ," ಎಂದರು ಅಣ್ಣ, ಟೇಬಲ್ ಒರೆಸುತ್ತಾ.

ಹೆಂಡತಿ ತಲೆಯೆತ್ತಿದಳು. "ನಿಮಗ ಇಂಗ್ಲಿಷ್ ಬರ್ತದೇನ್ರೀ ಅಣ್ಣಾರ?"

"ಎಲ್ಲಿಂದ ಬರುದು ಟೀಚರ್? ವಾರದ ಹೆಸರು ಬರ್ತದೆ, ನಂಬರ್ ಬರ್ತದೆ. ಗಿರಾಕಿಯ ಇಂಗ್ಲಿಷ್ ಅಷ್ಟೇ."

"ಮತ್ತ ಬುಧವಾರ ಅಂತ ಹೆಂಗ ಗೊತ್ತಾತು?"

"ಎಂತ ಹೇಳುದು ನೀವು! ಆ ಅಮ್ಮ ಸೋಮವಾರ ಹೇಳಿದ್ರು. ಹೇಳಿದ್ದು ಹೌದು, ಕೊಟ್ಟದ್ದಲ್ಲ. ದನಿ ಮೇಲೇ ಉಂಟು. ಬುಧವಾರಕ್ಕೆ ದನಿ ಕೆಳಗೆ ಬಂತು ನೋಡಿ, ಅದು ಆರ್ಡರ್."

ಮಗಳು ಇಲ್ಲಿಯೇ ಹುಟ್ಟಿ ಬೆಳೆದವಳು. ಕನ್ನಡ ಎಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. "ಮಮ್ಮಿ, ಅಣ್ಣಾ ಕಾ ಟೆಸ್ಟ್ ಲೇತೇ ಹೈ ನಾ!" ಎಂದು ಕುಣಿದಳು.

ಅನುಮಾನ ಬಂದ ಮೇಲೆ ಪರೀಕ್ಷಿಸದೆ ಬಿಡುವುದು ನನ್ನ ವೃತ್ತಿಗೆ ಒಪ್ಪುವುದಿಲ್ಲ. ಯಾರೂ ಕೇಳಿರದ ಹತ್ತು ಹೊಸ ಪ್ರಶ್ನೆಗಳನ್ನು ತೆಗೆಸಿದೆ. ಪ್ರತಿ ಪ್ರಶ್ನೆಗೂ ಮುಂಚೆ ಮಗಳು ಪ್ರಶ್ನೆಯನ್ನೂ ಮೂರು ಆಯ್ಕೆಗಳನ್ನೂ ಅಣ್ಣನಿಗೆ ಹಿಂದಿಯಲ್ಲಿ ಹೇಳಬೇಕು. ಧ್ವನಿಮುದ್ರಿಕೆ ಒಂದೇ ಸಲ. ಅಣ್ಣ ಅವಳ ಕಿವಿಯಲ್ಲಿ ಉತ್ತರ ಹೇಳಬೇಕು, ಹೆಂಡತಿ ತನ್ನ ಕಾಗದದಲ್ಲಿ ಬರೆಯಬೇಕು. ಗಲ್ಲಾದಲ್ಲಿದ್ದ ಧಣಿಗಳು ಕುತೂಹಲದಿಂದ ಫ್ಯಾನ್ ನಿಲ್ಲಿಸಿದರು. ನಾನು ಒಂದು ಹಳೆಯ ಬಿಲ್ಲಿನ ಹಿಂಭಾಗದಲ್ಲಿ, ಯಾರಿಗೂ ಕಾಣದಂತೆ, ನನ್ನ ಉತ್ತರಗಳನ್ನು ಬರೆಯತೊಡಗಿದೆ.

ನಾಲ್ಕನೆಯ ಪ್ರಶ್ನೆ ನನಗೆ ಚೆನ್ನಾಗಿ ನೆನಪಿದೆ. ಒಬ್ಬ ಗೆಳೆಯ ಇನ್ನೊಬ್ಬನಿಗೆ ತಾನು ಬರೆದ ಯೋಜನೆ ಓದಿ ಹೇಳುತ್ತಾನೆ. ಕೇಳಿದವನು ವೆರಿ ನೈಸ್, ವೆರಿ ನೈಸ್ ಎನ್ನುತ್ತಾನೆ. ಅವನಿಗೆ ಯೋಜನೆ ಹಿಡಿಸಿತೇ, ಇಲ್ಲವೇ, ಇನ್ನೂ ತೀರ್ಮಾನಿಸಿಲ್ಲವೇ? ಹೆಂಡತಿ ಹಿಡಿಸಿತು ಎಂದು ಬರೆದಳು. ನಾನೂ ಹಾಗೇ ಬರೆದೆ. ಅಣ್ಣ ಪಿಸುಗುಟ್ಟುವುದನ್ನು ಮರೆತು ಜೋರಾಗಿಯೇ ಹೇಳಿದರು. "ಇಲ್ಲ ಇಲ್ಲ. ವೆರಿ ನೈಸ್ ಅಂತ ಎರಡು ಸಲ ಹೇಳಿದವ ಇನ್ನೊಂದು ಪ್ಲೇಟ್ ತರಿಸುದಿಲ್ಲ."

ಉತ್ತರಪಟ್ಟಿಯಲ್ಲಿ ಇದ್ದದ್ದೂ ಅದೇ. ಹಿಡಿಸಲಿಲ್ಲ.

ಅವರು ತಪ್ಪಿದ್ದು ಎರಡರಲ್ಲಿ. ಎರಡೂ ಭಾಷಣಗಳು, ಒಂದು ತಿಮಿಂಗಿಲದ ಬಗ್ಗೆ, ಇನ್ನೊಂದು ಯಾವುದೋ ಸೇತುವೆಯ ಬಗ್ಗೆ. "ಒಬ್ಬರೇ ಮಾತಾಡುದು ನನಗೆ ಆಗುದಿಲ್ಲ ಮಾರಾಯ್ರೆ. ಎದುರು ಕೇಳುವವ ಒಬ್ಬ ಬೇಕು," ಎಂದರು. ಹೆಂಡತಿಯ ಐದು ಸರಿ ಉತ್ತರಗಳಲ್ಲಿ ಆ ಎರಡು ಭಾಷಣಗಳೂ ಸೇರಿದ್ದವು ಎಂಬುದನ್ನು ನ್ಯಾಯವಾಗಿ ಹೇಳಬೇಕು. ಉತ್ತರಪಟ್ಟಿಯನ್ನು ನಾನು ಎರಡು ಸಲ ತಾಳೆ ನೋಡಿದೆ. ಅಣ್ಣನ ಎಂಟರಲ್ಲಿ ಎರಡನ್ನು ಅದೃಷ್ಟ ಎಂದು ಕಳೆದೆ. ಆಗಲೂ ಆರು ಉಳಿಯಿತು.

ನನಗೆ ಬಂದದ್ದು ನಾಲ್ಕು.

ಬಿಲ್ಲನ್ನು ಮಡಿಸಿ ಜೇಬಿಗೆ ಹಾಕಿಕೊಂಡೆ. ನನ್ನ ಕೆಲಸವೇ ಕೇಳಿ ಬರೆದುಕೊಳ್ಳುವುದು. ನನಗೆ ಆ ಕ್ಷಣ ನೆನಪಾದದ್ದು ಶೀಳ್ ಫಾಟಾದ ಒಬ್ಬ ಟೆಂಪೋ ಡ್ರೈವರ್. ಹಿಂದೆ ಎಂದೋ, ಗಾಡಿ ಡಿವೈಡರ್‌ಗೆ ಹೊಡೆದಾಗ, ಕಣ್ಣು ಮುಚ್ಚಿತ್ತು ಸಾಹೇಬ ಎಂದಿದ್ದ. ಆಮೇಲೆ ತಡೆದು ಇನ್ನೇನೋ ಹೇಳಲು ಬಾಯಿ ತೆರೆದ. ನಾನು ಅಷ್ಟರಲ್ಲಿ ನಿದ್ದೆ ಎಂದು ಬರೆದು ಪುಸ್ತಕ ಮುಚ್ಚಿದ್ದೆ. ಕಣ್ಣು ಯಾಕೆ ಮುಚ್ಚಿತ್ತು ಎಂದು ನಾನು ಕೇಳಲಿಲ್ಲ. ಅವನಿಗೆ ಹೇಳುವುದು ಇನ್ನೂ ಇತ್ತು. ಹೋಟೆಲಿನಲ್ಲಿ ಎಲ್ಲರೂ ನಗುತ್ತಿದ್ದಾಗ ನಾನು ಬೇಸಿನ್ನಿಗೆ ಹೋಗಿ ಇನ್ನೊಮ್ಮೆ ಕೈ ತೊಳೆದೆ.

ತಿರುಗಿ ಬಂದಾಗ ಅಣ್ಣ ಹೆಂಡತಿಗೆ ಹೇಳುತ್ತಿದ್ದರು. "ನಿಮಗೆ ಬರುದಿಲ್ಲ ಅಂತಲ್ಲ ಟೀಚರ್. ನೀವು ಬೇಗ ಏಳ್ತೀರಿ. ಡೊಂಬಿವಲಿಯವರು ಎಲ್ಲಾ ಹಾಗೇ. ಬಿಲ್ ಬರುವ ಮೊದಲೇ ಎದ್ದು ಬಾಗಿಲಲ್ಲಿ ನಿಂತಾಯ್ತು."

ಇದು ನಿಜ. ನಮ್ಮ ಲೋಕಲ್ ರೈಲಿನ ಲೈನಿನಲ್ಲಿ ಠಾಣೆಗೆ ಇಳಿಯುವವರು ಒಂದೆರಡು ನಿಲ್ದಾಣ ಮೊದಲು, ಮುಂಬ್ರಾದಲ್ಲೇ ಎದ್ದು ಬಾಗಿಲ ಕಡೆ ಸರಿಯಬೇಕು. ಡೊಂಬಿವಲಿಗೆ ಇಳಿಯುವವರು ದಿವಾದಲ್ಲಿ ಏಳಬೇಕು. ಇಲ್ಲದಿದ್ದರೆ ಇಳಿಯಲಾಗುವುದಿಲ್ಲ, ಹತ್ತುವವರು ಒಳಗೆ ತಳ್ಳಿಬಿಡುತ್ತಾರೆ. ಹೆಂಡತಿ ಭಾನುವಾರ ಖಾಲಿ ಗಾಡಿಯಲ್ಲೂ ದಿವಾ ಬಂದರೆ ಏಳುತ್ತಾಳೆ. ಸಿನೆಮಾದಲ್ಲಿ ಕೊನೆಯ ದೃಶ್ಯಕ್ಕೆ ಮುಂಚೆ ಚೀಲ ಹೆಗಲಿಗೆ ಹಾಕಿಕೊಳ್ಳುತ್ತಾಳೆ. ಮಕ್ಕಳು ಪ್ರಶ್ನೆ ಮುಗಿಸುವ ಮೊದಲೇ ಉತ್ತರ ಹೇಳಿ ಮುಂದಿನ ಪಾಠಕ್ಕೆ ಹೋಗುತ್ತಾಳೆ. ಇವೆಲ್ಲ ನನಗೆ ಇಪ್ಪತ್ತನಾಲ್ಕು ವರ್ಷಗಳಿಂದ ಗೊತ್ತಿತ್ತು, ಆದರೆ ಎಲ್ಲವೂ ಒಂದೇ ರೋಗ ಎಂದು ಹೊಳೆದಿರಲಿಲ್ಲ.

"ಮುಂದಿನ ಭಾನುವಾರ ಬೆಳಿಗ್ಗೆ ಎಂಟೂವರೆಗೆ ಬನ್ನಿ," ಎಂದರು ಅಣ್ಣ. "ರಶ್‌ನಲ್ಲಿ ನನ್ನ ಜೊತೆ ನಿಲ್ಲಿ. ಎರಡು ಟೇಬಲ್ ನಿಮ್ಮದು. ಪೆನ್ ಇಲ್ಲ, ಕಾಗದ ಇಲ್ಲ. ಟೇಬಲ್ ಸುಮ್ಮನೆ ಆಗುವವರೆಗೆ ಕಿಂಡಿ ಕಡೆ ತಿರುಗಿಯೂ ನೋಡಬಾರದು."

ಹೆಂಡತಿ ಧಣಿಗಳ ಮುಖ ನೋಡಿದಳು. ಅವರು ಹೇಳಿದರು, "ನನ್ನದು ಒಂದೇ ಷರತ್ತು ಟೀಚರ್. ಗಿರಾಕಿಗಳ ತಪ್ಪು ತಿದ್ದಬೇಡಿ. ಅವರು ತಿರುಗಿ ಬರುದಿಲ್ಲ."

ಮುಂದಿನ ನಾಲ್ಕು ಭಾನುವಾರ ನಾವು ಹೋದೆವು. ತಪ್ಪಾಗಿ ಬರುವ ತಟ್ಟೆಗಳನ್ನು ತಿನ್ನುವವರು ಯಾರು ಎಂಬ ಪ್ರಶ್ನೆ ಮೊದಲ ದಿನವೇ ಎದ್ದಿತು. ಎಲ್ಲರೂ ನನ್ನ ಕಡೆ ನೋಡಿದರು. ನಾನು ಬೇಸಿನ್ನಿನ ಪಕ್ಕದ ಟೇಬಲ್ಲಿನಲ್ಲಿ ಕೂತೆ. ಒಂದು ಕುಟುಂಬ ಎರಡು ಮಸಾಲೆ ದೋಸೆ ಎಂದಿತು. ಹೆಂಡತಿ ಆಗಲೇ ಕಿಂಡಿಯಲ್ಲಿದ್ದಳು. ಹಿಂದಿನಿಂದ ಆ ಮನೆಯ ಅಜ್ಜಿ, ಅರೇ ಬೇಟಿ, ಮಸಾಲಾ ನಹೀ, ಸಾದಾ, ಎಂದು ಕೂಗುತ್ತಲೇ ಇದ್ದರು. ಆ ಎರಡೂ ದೋಸೆ ನನಗೆ ಬಂದವು. ಆಮೇಲೆ ಒಂದು ಉತ್ತಪ್ಪ. ಆಮೇಲೆ ಶಿರಾ. ದಹಿ ವಡಾ ಬಂದಾಗ ನಾನು ಕೈ ಮುಗಿದೆ.

"ತಿನ್ರಿ," ಎಂದಳು ಹೆಂಡತಿ, ಹಣೆಯ ಬೆವರು ಒರೆಸಿಕೊಂಡು. "ನನ್ನ ತಪ್ಪು ಎಷ್ಟು ಅಂತ ನನಗೂ ಕಾಣಬೇಕು."

ಕಿಂಡಿಯೊಳಗಿಂದ ದೋಸೆ ಹಾಕುವವರು ಅಣ್ಣನಿಗೆ ಕೇಳಿದರು. "ಇವರು ಹೋದ ವಾರದ ಟೀಚರ್ ಅಲ್ವಾ ಮಾರಾಯಾ? ಆರ್ಡರ್ ಹೇಳುವಾಗ ನಾವೆಲ್ಲ ಹೋಮ್‌ವರ್ಕ್ ಮಾಡದವರ ಹಾಗೆ ಬೈತಾರೆ."

"ನೀನು ಸುಮ್ಮನೆ ಹಾಕು. ಅವರು ಕಲಿತಾ ಇದ್ದಾರೆ."

ಎರಡನೆಯ ಭಾನುವಾರ ನನಗೆ ಬಂದದ್ದು ಮೂರು ತಟ್ಟೆ. ಮೂರನೆಯ ಭಾನುವಾರ ಒಂದು ಮೆದು ವಡಾ ಮಾತ್ರ. ನಾಲ್ಕನೆಯ ಭಾನುವಾರ ಆರು ಮಂದಿ ಗುಜರಾತಿ ಗೆಳೆಯರು ಬಂದು ಕೂತರು. ಒಬ್ಬ ಹೇಳಿದ್ದನ್ನು ಇನ್ನೊಬ್ಬ ತೆಗೆದುಹಾಕುವುದು, ಮೂರನೆಯವನು ಮತ್ತೆ ಸೇರಿಸುವುದು, ಹೀಗೆ ಐದು ನಿಮಿಷ ನಡೆಯಿತು. ಹೆಂಡತಿ ಎರಡೂ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದಳು. ಅವಳ ಬಲಗಾಲು ಎರಡು ಸಲ ಕಿಂಡಿಯ ಕಡೆ ಜಾರಿ, ಎರಡು ಸಲವೂ ವಾಪಸು ಬಂದದ್ದನ್ನು ನಾನು ನೋಡಿದೆ. ಟೇಬಲ್ ಸುಮ್ಮನಾಯಿತು. ಅವಳು ಇನ್ನೂ ಒಂದು ಕ್ಷಣ ನಿಂತಳು. ಆಗ ಅವರಲ್ಲಿ ಒಬ್ಬನಿಗೆ ಸಾಂಬಾರನ್ನು ಬೇರೆ ಬಟ್ಟಲಲ್ಲಿ ತರಿಸುವುದು ನೆನಪಾಯಿತು, "ಔರ್ ಏಕ್ ಮೇ ಸಾಂಬಾರ್ ಅಲಗ್." ಅವಳು ಕಿಂಡಿಗೆ ಹೋಗಿ ಹನ್ನೊಂದು ಪದಾರ್ಥಗಳನ್ನು ಒಂದೇ ಉಸಿರಿಗೆ ಹೇಳಿದಳು. ನನ್ನ ಟೇಬಲ್ಲಿಗೆ ಏನೂ ಬರಲಿಲ್ಲ. ಆ ದಿನ ನಾನೇ ಆರ್ಡರ್ ಕೊಟ್ಟು ಇಡ್ಲಿ ತಿಂದೆ.

ಈ ತರಬೇತಿಯ ಒಂದು ಪರಿಣಾಮವನ್ನು ನಾನು ಊಹಿಸಿರಲಿಲ್ಲ. ಮದುವೆಯಾದಂದಿನಿಂದ ನನ್ನ ವಾಕ್ಯಗಳನ್ನು ಮುಗಿಸುತ್ತಿದ್ದವಳು ಅವಳೇ. ಈಗ ಅವಳು ಕೈ ಕಟ್ಟಿಕೊಂಡು ಕಾಯತೊಡಗಿದಳು. ನನ್ನ ಬಹಳಷ್ಟು ವಾಕ್ಯಗಳಿಗೆ ಕೊನೆಯೇ ಇಲ್ಲ ಎಂಬುದು ಆಗ ಗೊತ್ತಾಯಿತು. "ಹೇಳ್ರಿ, ನಾ ಕೇಳಾಕತ್ತೀನಿ," ಎನ್ನುತ್ತಿದ್ದಳು. ನಾನು ಎದ್ದು ಬಾಲ್ಕನಿಗೆ ಹೋಗುತ್ತಿದ್ದೆ.

ಪರೀಕ್ಷೆ ಏಪ್ರಿಲ್ ಕೊನೆಗೆ, ವಾಶಿಯಲ್ಲಿ. ನಾನು ಕಟ್ಟಡದ ಕೆಳಗೆ ಕಬ್ಬಿನ ಹಾಲಿನ ಗಾಡಿಯ ಪಕ್ಕ ಮೂರು ಗಂಟೆ ನಿಂತಿದ್ದೆ. ಅವಳು ಹೊರಗೆ ಬಂದಳು.

"ಹೆಂಗಾತು?"

"ತಡೀರಿ."

ಅವಳು ತಲೆಯಲ್ಲಿ ಪ್ರಶ್ನೆಗಳನ್ನು ಸಾಲಾಗಿ ಇಟ್ಟುಕೊಂಡಿದ್ದಳು, ಹೇಳಿದರೆ ಚೆಲ್ಲಿಹೋಗುತ್ತವೆ ಎನ್ನುವಂತೆ. ವಾಶಿಯಿಂದ ಠಾಣೆಯ ಗಾಡಿಯಲ್ಲಿ ಕೂತೆವು. ಘನ್ಸೋಲಿ ಹೋಯಿತು, ರಬಾಳೆ ಹೋಯಿತು. ಐರೋಲಿ ಬಂದಾಗ ಎಲ್ಲರೂ ಎದ್ದರು. ನಾನೂ ಎದ್ದೆ. ಅವಳು ಮಾತ್ರ ಕೂತೇ ಇದ್ದಳು. ಠಾಣೆ ಆ ಗಾಡಿಯ ಕೊನೆಯ ನಿಲ್ದಾಣ, ಬೇಗ ಏಳುವ ಕಾರಣವೇ ಇಲ್ಲ ಎಂಬುದನ್ನು ಅಷ್ಟು ವರ್ಷಗಳಲ್ಲಿ ಮೊದಲ ಸಲ ನಾನು ಗಮನಿಸಿದೆ. ಗಾಡಿ ಪೂರ್ತಿ ನಿಂತ ಮೇಲೆ ಅವಳು ಎದ್ದು ಹೇಳಿದಳು, "ಎರಡು ತಪ್ಪಾಗಿರಬೇಕು. ಮೂರಿಲ್ಲ."

ಫಲಿತಾಂಶ ಮೇ ತಿಂಗಳಲ್ಲಿ ಮೇಲ್‌ನಲ್ಲಿ ಬಂತು. ಆಲಿಸುವುದರಲ್ಲಿ ಬೇಕಾದ್ದಕ್ಕಿಂತ ಮೇಲೆಯೇ ಇತ್ತು. ಓದುವುದರಲ್ಲೂ ಪಾಸು, ಆದರೆ ಆಲಿಸುವುದಕ್ಕಿಂತ ಕಡಿಮೆ. ಪಾಸಾದ ಸಂತೋಷ ಹತ್ತು ನಿಮಿಷ ಇತ್ತು. ಆಮೇಲೆ, "ಓದೋದ್ರಾಗ ನನಗ ಕಡಿಮಿ ಕೊಡ್ತಾರಂದ್ರ! ಆ ಮೂರನೇ ಪಾಠ ಬರದಾವಂಗ ಬರಿಯಾಕ ಬರ್ತಿದ್ದಿಲ್ಲ," ಎಂದು ಪರೀಕ್ಷೆಯವರಿಗೆ ಪತ್ರ ಬರೆಯಲು ಕೂತಳು. ಮಗಳು ಲ್ಯಾಪ್‌ಟಾಪ್ ಮುಚ್ಚಿದಳು. "ಮಮ್ಮಿ, ಬಸ್. ದಸ್ವೀ ತುಮ್ಹಾರೀ ಹೈ."

ಜೂನಿನಲ್ಲಿ ಹತ್ತನೇ ತರಗತಿ ಅವಳಿಗೇ ಉಳಿಯಿತು. ಈಗ ಮಕ್ಕಳು ಪ್ರಶ್ನೆ ಮುಗಿಸುವವರೆಗೆ ಅವಳು ಕಾಯುತ್ತಾಳಂತೆ. ಇದರಿಂದ ಪಾಠಗಳು ಹಿಂದೆ ಬಿದ್ದಿವೆ ಎಂದು ಆಡಳಿತದವರಿಂದ ಇನ್ನೊಂದು ಸುತ್ತೋಲೆ ಬಂದಿದೆ.

ಇದನ್ನು ಈಗ ಬರೆಯುತ್ತಿರುವುದಕ್ಕೆ ಕಾರಣ ಅವಳ ಸ್ಟಾಫ್‌ರೂಮ್. ಅಲ್ಲಿ ಈ ಕತೆ ಬೇರೆ ಬೇರೆ ರೂಪ ತಾಳಿದೆ. ಆ ಸಪ್ಲಯರ್ ಗುಟ್ಟಾಗಿ ಇಂಗ್ಲಿಷ್ ಎಂ.ಎ. ಮಾಡಿದವರು ಎಂದು ಕೆಲವರು, ನಾನು ಉತ್ತರಪಟ್ಟಿಯನ್ನು ಮೊದಲೇ ಅವರಿಗೆ ತೋರಿಸಿದ್ದೆ ಎಂದು ಕೆಲವರು. ಇನ್ನೂ ಇಬ್ಬರು ಶಿಕ್ಷಕಿಯರು ಈ ವರ್ಷ ಅದೇ ಪರೀಕ್ಷೆ ಬರೆಯಬೇಕು. ಅವರು ನಂಬದೆ ಕಲ್ಯಾಣದ ಅದೇ ಕೋಚಿಂಗ್ ಕ್ಲಾಸಿಗೆ ಹೋಗುತ್ತಿದ್ದಾರೆ. ಅವರಲ್ಲೊಬ್ಬರು ಹೋದ ವಾರ ನಮ್ಮ ಮನೆಗೆ ಬಂದು, ನಿಜವಾಗಿಯೂ ಯಾರು ನೋಡಿದ್ದಾರೆ ಹೇಳಿ ಎಂದು ನನ್ನನ್ನೇ ಕೇಳಿದರು. ಆದ್ದರಿಂದ ಸಾಕ್ಷಿಗಳನ್ನು ಬರೆದಿಡುತ್ತೇನೆ.

ಗಲ್ಲಾದ ಧಣಿಗಳು ನೋಡಿದರು. ಅವರು ಈ ಚಳಿಗಾಲದಲ್ಲಿ ತೀರಿಕೊಂಡರು. ದೋಸೆ ಹಾಕುವವರು ಕಿಂಡಿಯಿಂದ ಕೊನೆಯ ಮೂರು ಪ್ರಶ್ನೆ ನೋಡಿದರು, ಈಗ ಊರಿಗೆ ಹೋಗಿದ್ದಾರೆ, ಫೋನ್ ಎತ್ತುವುದಿಲ್ಲ. ಮಗಳು ನೋಡಿದಳು, ಇದ್ದಾಳೆ. ಎಂಟಲ್ಲ, ಒಂಬತ್ತು ಎನ್ನುತ್ತಾಳೆ. ಹೆಂಡತಿ ನೋಡಿದಳು, ಇದ್ದಾಳೆ. ಅಣ್ಣನದು ಎಂಟು ಒಪ್ಪುತ್ತಾಳೆ, ತನ್ನದು ಐದಲ್ಲ ಆರು ಎನ್ನುತ್ತಾಳೆ. ಅಣ್ಣ ಇದ್ದಾರೆ, ಅದೇ ಹೋಟೆಲಿನಲ್ಲಿ. ಕೇಳಿದರೆ, "ಹೌದಾ? ನನಗೆ ನೆನಪಿಲ್ಲ ಮಾರಾಯ್ರೆ. ಬಿಲ್ ಆದ ಮೇಲೆ ನಾನು ಯಾವ ಟೇಬಲೂ ಇಟ್ಟುಕೊಳ್ಳುದಿಲ್ಲ," ಎನ್ನುತ್ತಾರೆ.

ಇನ್ನೊಬ್ಬರಿದ್ದಾರೆ. ಆ ಸಂಜೆ ಮೂಲೆಯ ಟೇಬಲ್ಲಿನಲ್ಲಿ ಒಬ್ಬ ಮರಾಠಿ ಯಜಮಾನರು ಅರ್ಧ ಲೋಟದ ಕಟ್ಟಿಂಗ್ ಚಹಾ ಹಿಡಿದು ಪತ್ರಿಕೆ ಓದುತ್ತಿದ್ದರು. ನಾಲ್ಕನೆಯ ಪ್ರಶ್ನೆಗೆ ಪತ್ರಿಕೆ ಕೆಳಗಿಟ್ಟವರು ಕೊನೆಯವರೆಗೂ ಎತ್ತಲಿಲ್ಲ. ಚಹಾ ಆರಿಹೋಯಿತು. ಅವರ ಪರಿಚಯ ನನಗಿಲ್ಲ. ಹೋದ ತಿಂಗಳು ನೌಪಾಡಾದ ಹಣ್ಣಿನ ಅಂಗಡಿಯ ಮುಂದೆ ಸಿಕ್ಕರು, ಆರೋಗ್ಯವಾಗಿದ್ದಾರೆ. ನನ್ನ ಮುಖ ನೋಡಿ, ಬಾಳೆಹಣ್ಣಿನ ಚೀಲ ಕೈ ಬದಲಿಸಿ ಕೇಳಿದರು, "ತ್ಯಾ ಬಾಯಿ ಪಾಸ್ ಝಾಲ್ಯಾ ಕಾ?"

ಅವರು ಪೂರ್ತಿ ಕೇಳಿ ಮುಗಿಸುವವರೆಗೆ ಕಾದು, ಹೌದು, ಆ ಟೀಚರ್ ಪಾಸಾದರು ಎಂದೆ.